ಸಿಂಕಿನ ನೀರು, ಬಚ್ಚಲಿನ ನೀರು

ಜುಲೈ 3, ಬುಧವಾರ

ಆಸ್ಪತ್ರೆಯಿಂದ ಈಗಷ್ಟೇ ಬಂದೆ. ಶೂ ಬಿಚ್ಚುವುದಕ್ಕೂ ಬೇಸರ. ಹಾಗೇ ಕಾಲು ಚಾಚಿ ಬರೆಯುತ್ತಿದ್ದೇನೆ.

ಜುಲ್ಮಾಳ ಸೊಂಟಕ್ಕೆ ಕೂರಿಸಿದ ಲೋಹ ಚೆನ್ನಾಗಿ ಕೂತಿದೆಯಂತೆ. ವಾಕರ್ ಹಿಡಿದು ವಾರ್ಡಿನ ಉದ್ದಕ್ಕೂ ನಡೆಯುತ್ತಾಳೆ, ಎದುರು ಬಂದ ನರ್ಸುಗಳಿಗೆ ದಾರಿ ಬಿಡುವುದಿಲ್ಲ. ಅಂದರೆ ಗುಣವಾಗುತ್ತಿದ್ದಾಳೆ ಅಂತಲೇ ಲೆಕ್ಕ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದಳು. ನಾನೂ ಅಲ್ಲಾಡಿಸಿದೆ. ನಮ್ಮ ಮಾತುಕತೆ ಅಷ್ಟೇ.

ನನ್ನ ಹೆಂಡತಿ ನಿಬಿಯಾ ಬದುಕಿದ್ದಾಗಲೂ ನಾನೂ ಅವಳ ತಂಗಿ ಜುಲ್ಮಾಳೂ ನೇರವಾಗಿ ಮಾತಾಡಿದ್ದು ಕಡಿಮೆ. ಎಲ್ಲ ನಿಬಿಯಾಳ ಮೂಲಕ. 'ಭಾವನಿಗೆ ಊಟಕ್ಕೆ ಬರೋಕೆ ಹೇಳು', 'ನಿನ್ನ ತಂಗಿಗೆ ಹೇಳು, ಉಪ್ಪು ಜಾಸ್ತಿ'. ಜಗಳವೇನೂ ಇರಲಿಲ್ಲ, ಹಾಗೇ ರೂಢಿಯಾಗಿತ್ತು. ನಿಬಿಯಾ ಹೋದಮೇಲೆ ಜುಲ್ಮಾ ಕೆಟಲಿಗೆ ಹೇಳಲು ಶುರುಮಾಡಿದಳು. ಒಲೆ ಮುಂದೆ ನಿಂತು, "ಬ್ರೆಡ್ಡು ಮುಗಿದಿದೆ, ತರೋರು ಯಾರಾದ್ರೂ ಇದ್ರೆ ತರಬಹುದು" ಅನ್ನುವಳು. ಕೆಟಲು ಸುಮ್ಮನಿರುತ್ತಿತ್ತು. ನಾನು ಹೋಗಿ ತರುತ್ತಿದ್ದೆ.

ಹೊರಡುವಾಗ ಮಾಯ್ರಾ ತಡೆದಳು. ರೋಗಿಗಳನ್ನು ಯಾವ ಮನೆಗೆ ಕಳಿಸಬಹುದು, ಯಾವ ಮನೆಗೆ ಕಳಿಸಬಾರದು ಅಂತ ನಿರ್ಧರಿಸುವ ಹುಡುಗಿ. ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಯೆರ್ಬಾ ಎಲೆಯ ಬಿಸಿ ಕಷಾಯದ ಸೋರೆಬುರುಡೆ, ಕೊಳವೆಯಲ್ಲಿ ಹೀರುತ್ತಲೇ ಕೇಳಿದಳು.

"ಎಬೆರ್ ಅವರೇ, ಇವರು ಬಿದ್ದದ್ದು ಎಲ್ಲಿ?"

"ಬಚ್ಚಲಲ್ಲಿ."

"ಯಾಕೆ ಬಿದ್ರು?"

"ನೀರು ನಿಂತಿತ್ತು, ಜಾರಿದಳು."

"ನೀರು ಯಾಕೆ ನಿಂತಿತ್ತು?"

ಪೊಲೀಸ್ ಠಾಣೆಯಲ್ಲಿ ಕೂತ ಹಾಗಾಯಿತು. ಹಿತ್ತಲಲ್ಲಿ ಕಕ್ಕಸಿನ ಗುಂಡಿ ಇದೆ, ಹೀರುವ ಲಾರಿ ಬಂದು ಹೋದ ವಾರಕ್ಕೇ ಮತ್ತೆ ತುಂಬುತ್ತದೆ, ಮಳೆ ಹಿಡಿದರೆ ಕೊಟ್ಟದ್ದನ್ನೆಲ್ಲ ಬಚ್ಚಲಿಗೆ ವಾಪಸ್ ಕೊಡುತ್ತದೆ, ಎಂದು ಹೇಳಿದೆ.

"ನಿಮ್ಮ ಬೀದೀಲಿ ಒಳಚರಂಡಿ ಬಂದು ವರ್ಷ ಆಯ್ತಲ್ಲ? ನೀವ್ಯಾಕೆ ಸೇರಿಸ್ಕೊಂಡಿಲ್ಲ?"

ನಿಬಿಯಾ ಹೋದಮೇಲೆ ನಾನು ಏನನ್ನೂ ಸೇರಿಸಿಕೊಂಡಿಲ್ಲ.

"ಬಿದ್ದ ಬಚ್ಚಲಿಗೇ ಅವರನ್ನ ವಾಪಸ್ ಕಳ್ಸೋಕೆ ನಂಗಾಗಲ್ಲ. ತಿಂಗಳ ಕೊನೆಯೊಳಗೆ ಸರಿಮಾಡ್ಸಿ, ನಾನೇ ಬಂದು ನೋಡ್ತೀನಿ. ಆಗ್ಲಿಲ್ಲಾಂದ್ರೆ ಹೆದ್ದಾರಿ ಹತ್ರ ವೃದ್ಧರ ಮನೇಲಿ ಒಂದು ಹಾಸಿಗೆ ಖಾಲಿ ಇದೆ. ಒಂದ್ಸಲ ಅಲ್ಲಿಗೆ ಹೋದ್ರೆ, ನಿಮಗೆ ಗೊತ್ತಲ್ಲ, ವಾಪಸ್ ಬರೋರು ಕಡಿಮೆ."

ಹಾಗೇ ಆಗಲಿ ಅನ್ನಬಹುದಿತ್ತು. ಬಸ್ಸಿಗೆ ಹೊತ್ತಾಗಿತ್ತು, ಅದಕ್ಕೇ ಅನ್ನಲಿಲ್ಲ.

ಕಾಲೇಜಿನಲ್ಲಿ ಕಲಿತ ಇಂಗ್ಲಿಷಿನಲ್ಲಿ ಇಂಥದ್ದಕ್ಕೊಂದು ಮಾತಿತ್ತು. ಪೇಷನ್ಸ್ ಈಸ್ ಎ… ಮುಂದೇನೋ. ಒಳ್ಳೆಯದೇ ಏನೋ ಇರಬೇಕು.

ಜುಲೈ 5, ಶುಕ್ರವಾರ

ಪ್ಲಂಬರ್ ಎಡಿಸನ್ ಬಂದಿದ್ದ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಬಾಯಿ. ಅಡುಗೆಮನೆ ಸಿಂಕಿನ ಕೆಳಗೆ ತಲೆ ತೂರಿಸಿ ಅಲ್ಲಿಂದಲೇ ಕೂಗಿದ.

"ಯಜಮಾನ್ರೇ, ಈ ನೀರು ಎಲ್ಲಿಗೆ ಹೋಗತ್ತೆ?"

"ಹಿತ್ತಲಿಗೆ. ದ್ರಾಕ್ಷಿ ಬಳ್ಳಿ ಬುಡಕ್ಕೆ."

"ಬಚ್ಚಲಿಂದು?"

"ಗುಂಡಿಗೆ."

"ಹಂಗಾದ್ರೆ ನಿಮ್ಮ ಮನೇಲಿ ಎರಡು ಸಂಸಾರ ಇದೆ ಅನ್ನಿ!"

ತನ್ನ ಮಾತಿಗೆ ತಾನೇ ನಕ್ಕ. ಏಳುವಾಗ ಸಿಂಕಿಗೆ ತಲೆ ಬಡಿಸಿಕೊಂಡ. ಆಮೇಲೆ ವಿವರಿಸಿದ. ಬೀದಿಯ ಚರಂಡಿಗೆ ಸೇರಿಸಬೇಕಾದರೆ ಬಚ್ಚಲಿನದು ಒಂದನ್ನೇ ಕೊಟ್ಟರೆ ಪುರಸಭೆಯವರು ಒಪ್ಪುವುದಿಲ್ಲ. ಅಡುಗೆಮನೆ ನೀರೂ ಬರಬೇಕು. ಹಿತ್ತಲಿನ ಅಡುಗೆಮನೆಯಿಂದ ಮನೆಯೊಳಗಿನ ಓಣಿಯುದ್ದಕ್ಕೂ ಅಗೆದು ಪೈಪು ತರಬೇಕು. ಬಚ್ಚಲ ಬಾಗಿಲ ಮುಂದೆ ನೆಲದಲ್ಲಿ ಒಂದು ಚೇಂಬರ್ ಕಟ್ಟಿ ಎರಡನ್ನೂ ಅಲ್ಲಿ ಕೂಡಿಸಬೇಕು. ಅಲ್ಲಿಂದ ಒಂದೇ ಪೈಪು ಬೀದಿಗೆ. ಗುಂಡಿಗೆ ಮರಳು ತುಂಬಿ ಮುಚ್ಚಬೇಕು.

"ಓಣಿಯುದ್ದಕ್ಕೂ ಅಗೀಬೇಕಾ?"

"ಹಾರಿಸ್ಕೊಂಡು ಹೋಗೋಕೆ ನೀರಿಗೇನು ರೆಕ್ಕೆ ಇದ್ಯಾ ಯಜಮಾನ್ರೇ?"

ಮೂವತ್ತು ವರ್ಷದ ಹಿಂದೆ ನಾನೇ ಆರಿಸಿ ತಂದ ಕೆಂಪು ಹೆಂಚಿನ ನೆಲ ಅದು. ಆಗಲಿ ಎಂದೆ. ವಾದ ಮಾಡಲು ಶಕ್ತಿ ಇರಲಿಲ್ಲ.

ಜುಲೈ 8, ಸೋಮವಾರ

ಜುಲ್ಮಾಳಿಗೆ ಹೇಳಲು ಹೋದೆ. ಹೇಳದೆಯೇ ಮಾಡಿಸಿಬಿಡಬೇಕಿತ್ತು.

ಅವಳ ಪಕ್ಕದ ಹಾಸಿಗೆಯಲ್ಲಿ ಹಳ್ಳಿ ಕಡೆಯ ಪೆತ್ರೋನಾ ಎಂಬ ಮುದುಕಿ ಇದ್ದಾಳೆ. ಕೆಟಲಿನ ಕೆಲಸ ಈಗ ಅವಳಿಗೆ ಸಿಕ್ಕಿದೆ.

"ಪೆತ್ರೋನಮ್ಮ, ಇವರಿಗೆ ಹೇಳಿ, ನನ್ನ ಅಡುಗೆಮನೆ ಪೈಪು ಮುಟ್ಟಕೂಡದು."

ಪೆತ್ರೋನಾ ನನ್ನ ಕಡೆ ತಿರುಗಿ, ನಾನು ಕಿವುಡ ಅನ್ನುವಂತೆ ಕೂಗಿದಳು: "ಪೈಪು ಮುಟ್ಟಕೂಡದಂತಪ್ಪಾ!"

"ಕೇಳಿಸ್ತು. ಮುಟ್ಟದೆ ಆಗಲ್ಲ ಅಂತ ಹೇಳಿ. ಎರಡೂ ಒಂದರಲ್ಲೇ ಹೋಗ್ಬೇಕು ಅಂತ ರೂಲು."

"ಆಗಲ್ವಂತಮ್ಮಾ, ರೂಲಂತೆ!"

"ಉಣ್ಣೋ ತಟ್ಟೆ ತೊಳೆದ ನೀರು, ಕಕ್ಕಸಿನ ನೀರು, ಎರಡನ್ನೂ ಒಂದೇ ಕೊಳವೇಲಿ ಬಿಡ್ತಾರಂತಾ? ಥೂ. ನಮ್ಮಮ್ಮನ ಕಾಲದಿಂದ ಪಾತ್ರೆ ನೀರು ಬಳ್ಳಿಗೆ ಹೋಗಿರೋದು. ಆ ಬಳ್ಳಿ ನೆರಳಲ್ಲೇ ನಿಬಿಯಾ ಮದುವೆ ಊಟ ಆಗಿದ್ದು. ಇವರಿಗೆ ಮರೆತಿರತ್ತೆ."

"ಮರೆತಿಲ್ಲ ಅಂತ ಹೇಳಿ. ಬಳ್ಳಿಗೆ ಬೇರೆ ನೀರು ಹಾಕಿದ್ರಾಯ್ತು."

"ಯಾರು ಹಾಕ್ತಾರಂತೆ ಕೇಳಿ. ಇವರಾ? ಕುಡಿದ ಲೋಟ ಎತ್ತಿ ಸಿಂಕಿಗಿಡೋಕೆ ಕೈ ಬರದೋರು?"

ಪೆತ್ರೋನಾಳಿಗೆ ಖುಷಿಯೋ ಖುಷಿ. ಆಕಡೆ ಹಾಸಿಗೆಯವರೂ ಎದ್ದು ಕೂತರು. ನಾನು ಹೆದ್ದಾರಿಯ ವೃದ್ಧರ ಮನೆಯ ವಿಷಯ ತೆಗೆದೆ. ಪೈಪು ಸೇರಿಸದಿದ್ದರೆ ಅಲ್ಲಿಗೇ ಹೋಗಬೇಕಾದೀತು ಅಂತ ಹೇಳಿಸಿದೆ.

ಜುಲ್ಮಾ ದನಿ ಇಳಿಸಿ, ಕಿಟಕಿಯ ಕಡೆ ನೋಡಿಕೊಂಡು ಹೇಳಿದಳು.

"ಹೋಗ್ತೀನಿ ಅಂತ ಹೇಳಿ ಪೆತ್ರೋನಮ್ಮ. ನಾನು ಇವರಿಗೆ ಹೆಂಡ್ತಿ ತಂಗಿ. ಹೆಂಡ್ತಿ ಹೋಗಿ ಎರಡು ಚಳಿಗಾಲ ಆಯ್ತು. ಇನ್ನು ಆ ಮನೇಲಿ ನಾನು ಯಾರು? ಅಲ್ಲಿಗೆ ಹೋದ್ರೆ ನಾನು ಯಾರು ಅಂತಾದ್ರೂ ಗೊತ್ತಿರತ್ತೆ. ಕಿಟಕಿ ಪಕ್ಕದ ಹಾಸಿಗೆಯೋಳು."

ಇದನ್ನು ಪೆತ್ರೋನಾ ನನಗೆ ದಾಟಿಸಲಿಲ್ಲ. ಹೊದಿಕೆ ಎಳೆದುಕೊಂಡು ಗೋಡೆ ಕಡೆ ತಿರುಗಿದಳು.

ನಾನು ಟೋಪಿ ಹಾಕಿಕೊಂಡು ಬಂದೆ.

ಜುಲೈ 9, ಮಂಗಳವಾರ

ಚಳಿಗಾಲದ ಮಳೆ. ಬಚ್ಚಲಲ್ಲಿ ಹಿಮ್ಮಡಿ ಮುಳುಗುವಷ್ಟು ನೀರು. ಐ ಆಮ್ ಟಯರ್ಡ್, ಯೂ ಆರ್ ಟಯರ್ಡ್, ಹಿ ಈಸ್ ಟಯರ್ಡ್. ಇದೊಂದು ಪೂರ್ತಿ ನೆನಪಿದೆ.

ಎಡಿಸನ್‌ಗೆ ಫೋನ್ ಮಾಡಿ ಶುಕ್ರವಾರದಿಂದ ಶುರುಮಾಡು ಎಂದೆ.

ಜುಲೈ 12, ಶುಕ್ರವಾರ

ಹಾರೆ ಬಿತ್ತು. ಹೆಂಚು ಒಡೆಯುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತದೆ. ಓಣಿಯುದ್ದಕ್ಕೂ ಮೊಣಕಾಲಾಳದ ಕಾಲುವೆ. ಆಚೆ ಈಚೆ ದಾಟಲು ಒಂದು ಹಲಗೆ. ಮನೆಯೆಲ್ಲ ಧೂಳು. ಹಾಸಿಗೆಯಲ್ಲಿ ಧೂಳು, ಬ್ರೆಡ್ಡಿನಲ್ಲಿ ಧೂಳು. ನಿಬಿಯಾಳ ಫೋಟೋ ಒರೆಸಿದೆ, ಸಂಜೆಗೆ ಮತ್ತೆ ಕಂದಾಗಿತ್ತು. ಬೀರುವಿನೊಳಗೆ ಇಟ್ಟೆ. ಕೆಲಸ ಮುಗಿಯುವ ತನಕ.

ಸಿಂಕಿನ ಕೆಳಗಿನದನ್ನೆಲ್ಲ ಖಾಲಿ ಮಾಡಬೇಕಿತ್ತು. ಜುಲ್ಮಾಳ ಪಾತ್ರೆಗಳನ್ನು ಒಂದೊಂದಾಗಿ ಮುಂದಿನ ಕೋಣೆಗೆ ಸಾಗಿಸಿದೆ. ಇಷ್ಟೊಂದು ಪಾತ್ರೆ! ಇಬ್ಬರ ಅಡುಗೆಗೆ ಇಷ್ಟು ಯಾಕೆ? ದೊಡ್ಡ ಬೋಗುಣಿಯ ಕಿವಿಗೆ ಬಟ್ಟೆ ಸುತ್ತಿ ದಾರ ಬಿಗಿದಿದ್ದಾಳೆ, ಕೈ ಸುಡದ ಹಾಗೆ. ಈ ಬೋಗುಣಿ ಅವಳು ಮೇಜಿಗೆ ತಂದಿಟ್ಟಾಗಲೆಲ್ಲ ನೋಡಿದ್ದೇನೆ. ಬಟ್ಟೆ ನೋಡಿರಲಿಲ್ಲ.

ರಾತ್ರಿ ಊಟಕ್ಕೆ ಬ್ರೆಡ್ಡು, ಚೀಸು. ಉಪ್ಪು ಎಲ್ಲಿಡುತ್ತಾಳೋ ಗೊತ್ತಾಗಲಿಲ್ಲ.

ಜುಲೈ 17, ಬುಧವಾರ

ಎಡಿಸನ್ ಎರಡು ದಿನದಿಂದ ನಾಪತ್ತೆ. ಸೋಮವಾರ ಬಂದು ಅರ್ಧ ಪೈಪು ಇಟ್ಟು, "ಅತ್ತೆಗೆ ಹುಷಾರಿಲ್ಲ" ಅಂತ ಹೋದವನು ಇಲ್ಲ. ನಾಳೆ ಸಂವಿಧಾನದ ದಿನದ ರಜೆ. ರಜೆಯ ಮರುದಿನ ನಮ್ಮ ದೇಶದಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿಗೆ ಶನಿವಾರ, ಭಾನುವಾರ. ಮಾಯ್ರಾಳ ಗಡುವು ಹತ್ತಿರ ಬರುತ್ತಿದೆ, ಕಾಲುವೆ ಇದ್ದಲ್ಲೇ ಇದೆ.

ಸಿಂಕು ಇಲ್ಲ, ಬಚ್ಚಲು ಇಲ್ಲ. ಎದುರು ಮನೆಯವರ ಕಕ್ಕಸಿಗೆ ಹೋಗುತ್ತೇನೆ. ಹೋಗುವಾಗ ಬರಿಗೈಲಿ ಹೋಗಲು ಸಂಕೋಚವೆಂದು ಮೊದಲ ದಿನ ಬಿಸ್ಕತ್ತು ಒಯ್ದೆ. ಈಗ ನಾನು ಬೀದಿ ದಾಟುವುದನ್ನು ಕಂಡರೆ ಅವರ ಮೊಮ್ಮಗಳು "ಬಿಸ್ಕತ್ತು ತಾತ ಬಂದ" ಅಂತ ಕೂಗುತ್ತಾಳೆ. ಇಡೀ ಬೀದಿಗೆ ನನ್ನ ಹೊಟ್ಟೆಯ ಸಮಾಚಾರ ಗೊತ್ತು.

ಯೆರ್ಬಾ ಮಾತ್ರ ಬಿಟ್ಟಿಲ್ಲ. ಅದನ್ನೂ ಬಿಟ್ಟರೆ ಸತ್ತ ಹಾಗೆ. ಬುರುಡೆಯಲ್ಲಿ ಎಲೆ ತುಂಬಿ, ಬಿಸಿನೀರು ಹೊಯ್ದು, ರುಚಿ ಹೋಗುವ ತನಕ ಹೀರಿ, ಚರಟವನ್ನು ಬಕೆಟ್ಟಿಗೆ ಕೊಡವುತ್ತೇನೆ. ಮತ್ತೆ ತುಂಬುತ್ತೇನೆ. ಬೇರೆ ಕೆಲಸ ಏನಿದೆ. ಬಕೆಟ್ಟು ಅರ್ಧ ತುಂಬಿದೆ.

ಬೆಳಿಗ್ಗೆ ಎಡಿಸನ್ ಮನೆ ತನಕ ನಡೆದು ಹೋದೆ. ಅತ್ತೆಯೇ ಬಾಗಿಲು ತೆಗೆದಳು, ಗಟ್ಟಿಮುಟ್ಟಾಗಿದ್ದಾಳೆ.

"ನಿಮ್ಮ ಅಳಿಯನ ಹತ್ರ ಹೇಳಿ," ಎಂದೆ, "ಸೋಮವಾರ ಬರದಿದ್ರೆ ನಾನೇ ಗುದ್ದಲಿ ಹಿಡಿದು ಪೈಪು ಹಾಕ್ತೀನಿ, ಅದು ಹೇಗಿರತ್ತೆ ಅಂತ ಊರೆಲ್ಲ ನೋಡತ್ತೆ. ಎಡಿಸನ್ ಮಾಡಿದ್ದು ಅಂತಲೇ ಹೇಳ್ತೀನಿ."

ಇಷ್ಟು ಜೋರಾಗಿ ನಾನು ಮಾತಾಡಿ ಎಷ್ಟು ಕಾಲವಾಯಿತೋ. ಗಂಟಲು ನೋಯುತ್ತಿದೆ. ಚಳಿಗೂ ಇರಬಹುದು.

ಜುಲೈ 22, ಸೋಮವಾರ

ಸೇರಿತು!

ಬೆದರಿಕೆ ಕೆಲಸ ಮಾಡಿತು. ಎಡಿಸನ್ ಬೆಳಗಾಗುವ ಮೊದಲೇ ಬಂದ. ಚೇಂಬರಿನ ಒಳಗೋಡೆಗೆ ಸಿಮೆಂಟು ಬಳಿದು, ಒಂದು ಬದಿಯಿಂದ ಸಿಂಕಿನ ಪೈಪು, ಇನ್ನೊಂದು ಬದಿಯಿಂದ ಬಚ್ಚಲಿನ ಪೈಪು ತಂದು ಕೂಡಿಸಿದ. ಲಾರಿಯವರು ಗುಂಡಿ ಹೀರಿ ಹೋದರು, ಮರಳು ಬಿತ್ತು. ಸಂಜೆ ನಾನು ಸಿಂಕಿನಲ್ಲಿ ನೀರು ಬಿಟ್ಟೆ, ಎಡಿಸನ್ ಚೇಂಬರಿನ ಮುಚ್ಚಳ ತೆಗೆದು ಇಣುಕಿದ.

"ಬಂತು ಯಜಮಾನ್ರೇ! ಈಗ ಬಚ್ಚಲಿಂದು ಬಿಡಿ… ಬಂತು! ನೋಡಿ, ನೋಡಿ, ಅಕ್ಕತಂಗೀರ ಥರ ಹೋಗ್ತಿದಾವೆ!"

ನಾನೂ ಮಂಡಿಯೂರಿ ನೋಡಿದೆ. ಎರಡು ಕಡೆಯಿಂದ ನೀರು ಬಂದು ನಡುವೆ ಸ್ವಲ್ಪ ತಡಕಾಡಿ ಒಟ್ಟಿಗೆ ಬೀದಿ ಕಡೆ ಹೋಯಿತು. ಹೇಸಿಗೆ ಅನ್ನಿಸಲಿಲ್ಲ. ನೀರು, ಅಷ್ಟೇ.

ಎಡಿಸನ್ ಬುದ್ಧಿ ಹೇಳಿದ. "ಕೊಬ್ಬು ಸುರೀಬೇಡಿ, ಕೂದಲು ಬಿಡ್ಬೇಡಿ, ಕಕ್ಕಸಿಗೆ ಪೇಪರ್ ಹಾಕ್ಬೇಡಿ." ಹೇಳುತ್ತಲೇ ತನ್ನ ಬುರುಡೆಯ ಯೆರ್ಬಾ ಚರಟವನ್ನು ಸಿಂಕಿನ ಅಂಚಿಗೆ ತಟ್ಟಿ ಉದುರಿಸಿ ನೀರು ಬಿಟ್ಟ. ಸುಯ್ಯೆಂದು ಹೋಯಿತು. "ಉದ್ಘಾಟನೆ!" ಎಂದ.

ಅವನು ಹೋದಮೇಲೆ ನಾನೂ ಬಕೆಟ್ಟು ತಂದು, ವಾರವೆಲ್ಲ ಕೂಡಿಟ್ಟ ಚರಟವನ್ನು ಕೆಟಲಿನ ಬಿಸಿನೀರಿನ ಜೊತೆ ಪೂರ್ತಿ ಸುರಿದೆ. ಬಕೆಟ್ಟು ತೊಳೆದಿಟ್ಟೆ. ಮನೆ ಮತ್ತೆ ಮನೆಯಾಯಿತು.

ಜುಲೈ 24, ಬುಧವಾರ

ದಿ ವಾಟರ್ ಕಮ್ಸ್. ದಿ ವಾಟರ್ ಹ್ಯಾಸ್ ಕಮ್. ದಿ ವಾಟರ್ ವಿಲ್ ಹ್ಯಾವ್… ದೇವರೇ.

ಬೆಳಿಗ್ಗೆ ದನದ ಮೂಳೆ, ಕುಂಬಳ, ಜೋಳ ಹಾಕಿ ಸಾರು ಮಾಡಿದ್ದೆ, ಕೈ ಪಳಗಲಿ ಅಂತ. ಬೋಗುಣಿ ತೊಳೆದು ನೀರು ಬಿಟ್ಟರೆ ಬಚ್ಚಲ ಕಡೆಯಿಂದ ಯಾರೋ ಬಾಯಿ ಮುಕ್ಕಳಿಸಿದಂಥ ಸದ್ದು. ಹೋಗಿ ನೋಡಿದರೆ ಬಚ್ಚಲ ಜಾಲರಿಯಿಂದ ಹಸಿರು ಗಂಜಿ ಉಕ್ಕುತ್ತಿದೆ. ಮೇಲೆ ಕೊಬ್ಬಿನ ಬಿಳಿ ಕೆನೆ. ನೋಡನೋಡುತ್ತ ಹೊಸ್ತಿಲು ದಾಟಿ ಓಣಿಗೆ ಬಂತು.

ಎಡಿಸನ್ ಓಡಿಬಂದ. ಚೇಂಬರ್ ತೆಗೆದ, ತೋಳುದ್ದ ಕೈ ಹಾಕಿದ, ಹಿಡಿಹಿಡಿಯಾಗಿ ಎಳೆದು ಹಾಕಿದ.

"ಏನಿದು? ಯೆರ್ಬಾನಾ? ಇಷ್ಟೊಂದಾ? ಯಜಮಾನ್ರೇ, ಒಂದು ಸೈನ್ಯಕ್ಕೆ ಕುಡಿಸಿದ್ರಾ?"

"ನೀನೂ ಹಾಕಿದೆ."

"ನಾನು ಒಂದು ಬುರುಡೆ ಹಾಕ್ದೆ!"

"ಪ್ಲಂಬರ್ರೇ ಹಾಕಿದ ಮೇಲೆ ಹಾಕಬಹುದು ಅಂದ್ಕೊಂಡೆ."

"ನಮ್ಮಪ್ಪ ಹಾಕ್ತಿದ್ದ, ಅವರಪ್ಪ ಹಾಕ್ತಿದ್ದ, ಯೆರ್ಬಾ ಸಿಂಕಿಗೆ ಹಾಕ್ದೆ ಇನ್ನೆಲ್ಲಿಗೆ…" ಅಂದವನು ಅರ್ಧಕ್ಕೆ ನಿಂತ. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಮೂವತ್ತು ವರ್ಷ ನಾನು ಕೊಡವಿದ್ದನ್ನೆಲ್ಲ ಬಳ್ಳಿಯ ಬುಡ ಗೊಬ್ಬರ ಮಾಡಿಕೊಂಡಿತ್ತು. ಪೈಪಿಗೆ ಆ ಹೊಟ್ಟೆ ಇಲ್ಲ.

ಆಗಲೇ ಬಾಗಿಲು ತಟ್ಟಿದ ಸದ್ದು. ಮಾಯ್ರಾ. ಈ ಕಡೆ ಬಂದಿದ್ದಳಂತೆ, ಒಮ್ಮೆ ನೋಡಿ ಹೋಗೋಣ ಅಂತ. ಹಲಗೆಯ ಮೇಲೆ ನಿಂತು ಎಲ್ಲ ನೋಡಿದಳು. ಮೊಣಕೈ ತನಕ ಹಸಿರಾದ ಎಡಿಸನ್, ಪ್ಯಾಂಟು ಮಡಿಚಿ ಪೊರಕೆ ಹಿಡಿದ ನಾನು.

"ಯೆರ್ಬಾನಾ?" ಎಂದಳು.

"ಹೌದು."

"ನಮ್ಮನೇಲೂ ಆಗಿತ್ತು. ಕೆಳಗಿನ ಮನೆಯೋರು ಕೊಲ್ಲೋಕೆ ಬಂದಿದ್ರು." ನಗಲಿಲ್ಲ, ನಗು ತಡೆದುಕೊಂಡಳು. ಆಮೇಲೆ ಕೆಲಸದ ಮುಖ ಹಾಕಿದಳು. "ಆದ್ರೆ ಎಬೆರ್ ಅವರೇ, ಇದಕ್ಕೆ ಹೂಂ ಅನ್ನೋಕಾಗಲ್ಲ. ಇದೇ ನೀರಲ್ವಾ ಅವರನ್ನ ಬೀಳ್ಸಿದ್ದು? ಸೋಮವಾರ ಬರ್ತೀನಿ. ಅದೇ ಕೊನೆ. ವೃದ್ಧರ ಮನೆ ಹಾಸಿಗೇನ ಅಲ್ಲೀವರೆಗೆ ಹಿಡಿದಿಟ್ಟಿರ್ತಾರೆ, ಆಗ್ಲೂ ಹೀಗೇ ಇದ್ರೆ ಅವರು ಹೋಗ್ಲೇಬೇಕು."

"ಹಾಸಿಗೆ ಬೇರೆಯೋರಿಗೆ ಕೊಡೋಕೆ ಹೇಳಿ," ಎಂದೆ.

"ಅಷ್ಟು ಧೈರ್ಯಾನಾ? ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಅಕ್ಕ ಇಲ್ಲದ ಮನೆ. ಅವರು ನಿಮಗೆ ಈಗ ಏನಾಗ್ಬೇಕು?"

ಪೊರಕೆ ಗೋಡೆಗೊರಗಿಸಿದೆ. ಮಂಡಿ ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು, ಯೋಚಿಸಿ ಹೇಳುವಷ್ಟು ಚೈತನ್ಯ ಇರಲಿಲ್ಲ.

"ಮೂವತ್ತು ವರ್ಷ ಒಂದೇ ಬೋಗುಣೀಲಿ ಉಂಡಿದ್ದೀವಮ್ಮಾ. ಅದಕ್ಕೆ ಏನಂತಾರೋ ಅದು."

ಅವಳು ಹಲಗೆ ದಾಟಿ ಹೋದಳು. ಇನ್ನೂ ಚೆನ್ನಾಗಿ ಹೇಳಬಹುದಿತ್ತು.

ಜುಲೈ 26, ಶುಕ್ರವಾರ

ಎರಡು ದಿನ ಕೊಬ್ಬು, ಎಲೆ, ಬಿಸಿನೀರು, ಸೋಡಾಪುಡಿ. ಎಡಿಸನ್ ಬೀದಿ ಕಡೆಯಿಂದ ಉದ್ದನೆಯ ಸ್ಟೀಲ್ ತಂತಿ ತೂರಿಸಿದ, ನಾನು ಚೇಂಬರಿನ ಕಡೆಯಿಂದ ಹಿಡಿದು ಎಳೆದೆ. ಇನ್ನು ಸಿಂಕಿಗೆ ಜಾಲರಿ. ಅದರ ಕೆಳಗೆ ಜಿಡ್ಡು ಹಿಡಿಯುವ ಡಬ್ಬಿ.

"ಇದನ್ನ ಊರಲ್ಲಿ ಯಾರ ಹತ್ರಾನೂ ಹೇಳ್ಬೇಡಿ ಯಜಮಾನ್ರೇ," ಎಂದ ಎಡಿಸನ್, "ನನ್ನ ಅನ್ನಕ್ಕೆ ಕಲ್ಲು ಬೀಳತ್ತೆ."

ಎದುರು ಮನೆಯವರಿಗೆ ಆಗಲೇ ಗೊತ್ತು. ಮೊಮ್ಮಗಳು ಈಗ ನನ್ನನ್ನು ಯೆರ್ಬಾ ತಾತ ಅನ್ನುತ್ತಾಳೆ. ಬಿಸ್ಕತ್ತೇ ವಾಸಿಯಿತ್ತು.

ಜುಲೈ 28, ಭಾನುವಾರ

ಆಸ್ಪತ್ರೆ. ಪೆತ್ರೋನಾಳನ್ನು ಮಗ ಬಂದು ಊರಿಗೆ ಕರೆದುಕೊಂಡು ಹೋಗಿದ್ದಾನೆ. ಹಾಸಿಗೆಗೆ ಹೊಸ ಚಾದರ ಹಾಸಿತ್ತು, ಯಾರೂ ಇರಲಿಲ್ಲ.

ನಾನು ಸ್ಟೂಲಿನ ಮೇಲೆ ಕೂತೆ. ಅವಳು ಖಾಲಿ ಹಾಸಿಗೆ ನೋಡಿದಳು. ನಾನೂ ನೋಡಿದೆ.

"ಪೈಪು ಸೇರಿಸಿಬಿಟ್ಟೆ," ಎಂದೆ.

"ಮಾಯ್ರಾ ಹೇಳಿದ್ಳು."

"ಯೆರ್ಬಾ ವಿಷಯಾನೂ ಹೇಳಿದ್ಳಾ?"

"ಇಲ್ಲ. ಏನದು?"

ಹೇಳಿದೆ. ಬಕೆಟ್ಟು, ಬಿಸಿನೀರು, ಬಚ್ಚಲಿನಿಂದ ಎದ್ದ ಹಸಿರು ಗಂಜಿ, ಎಡಿಸನ್ನನ ಉದ್ಘಾಟನೆ. ಹೇಳುತ್ತ ಹೇಳುತ್ತ ಅವಳ ಮುಖ ನೋಡಲಿಲ್ಲ, ಬೈಗುಳಕ್ಕೆ ಕಾಯುತ್ತಿದ್ದೆ. ನೋಡಿದರೆ ಸೊಂಟ ಹಿಡಿದುಕೊಂಡು ನಗುತ್ತಿದ್ದಾಳೆ.

"ನಗಿಸ್ಬೇಡಿ ಭಾವ, ಹೊಲಿಗೆ ನೋಯತ್ತೆ… ಪೂರ್ತಿ ಬಕೆಟ್ಟಾ?"

"ಪೂರ್ತಿ."

"ಆಮೇಲೆ ಬಕೆಟ್ಟು ತೊಳೆದಿಟ್ರಾ?"

"ತೊಳೆದಿಟ್ಟೆ."

"ಅಷ್ಟಾದ್ರೂ ಕಲಿತ್ರಲ್ಲ."

ಕಣ್ಣೊರೆಸಿಕೊಂಡು ಸ್ವಲ್ಪ ಹೊತ್ತಿಗೆ ಕೇಳಿದಳು, ಬಳ್ಳಿ ಏನಾಯ್ತು ಅಂತ. ಆಲೂಗಡ್ಡೆ ತೊಳೆದ ನೀರನ್ನು, ಮುಖಕ್ಷೌರದ ನೀರನ್ನು ಬೆಳಿಗ್ಗೆ ಹೊತ್ತು ಹಾಕುತ್ತಿದ್ದೇನೆ ಎಂದೆ.

"ಜುಲೈ ಚಳೀಲಿ ಬಳ್ಳಿ ನೀರು ಕುಡಿಯಲ್ಲ ಭಾವ. ನಿದ್ದೆ ಮಾಡ್ತಿರತ್ತೆ. ಬುಡ ಕೊಳೆಸ್ತೀರಿ. ಸೆಪ್ಟೆಂಬರಿಗೆ ಚಿಗುರು ಬಂದಮೇಲೆ ಹಾಕ್ಬೇಕು. ಅಷ್ಟು ಹೊತ್ತಿಗೂ ನನ್ನ ಕೈಲಿ ಬಕೆಟ್ ಎತ್ತೋಕಾಗಲ್ಲ, ನೀವು ಹೊರಬೇಕು, ನಾನು ಎಷ್ಟು ಅಂತ ಹೇಳ್ತೀನಿ."

"ಆಯ್ತು," ಎಂದೆ. ಆಮೇಲೆ, "ಉಪ್ಪು ಎಲ್ಲಿಡ್ತೀಯಾ?"

"ಒಲೆ ಮೇಲಿನ ಗೂಡಲ್ಲಿ. ಎದುರಿಗೇ ಇದೆ."

ನಿಜ, ಎದುರಿಗೇ ಇದೆ. ಬಂದು ನೋಡಿದೆ.

ಜುಲೈ 29, ಸೋಮವಾರ

ಮಾಯ್ರಾ ಬಂದು ಸಿಂಕಿನಲ್ಲಿ ನೀರು ಬಿಟ್ಟಳು, ಬಚ್ಚಲಲ್ಲಿ ಬಿಟ್ಟಳು, ಎರಡನ್ನೂ ಒಟ್ಟಿಗೆ ಬಿಟ್ಟು ಕೈಕಟ್ಟಿ ನಿಂತಳು. ಬಚ್ಚಲ ನೆಲದಲ್ಲಿ ನೀರು ನಿಲ್ಲಲಿಲ್ಲ. ಗೋಡೆಗೆ ಹಾಕಿಸಿದ ಹಿಡಿಕೆಯನ್ನು ಎರಡೂ ಕೈಯಲ್ಲಿ ಜಗ್ಗಿ ನೋಡಿದಳು.

"ಗುರುವಾರ ಆಸ್ಪತ್ರೆಗೆ ಬಂದು ಕರ್ಕೊಂಡು ಹೋಗಿ," ಎಂದಳು.

ಉದ್ದ ಬರೆಯಲು ಆಗುತ್ತಿಲ್ಲ. ಮಲಗುತ್ತೇನೆ.

ಆಗಸ್ಟ್ 1, ಗುರುವಾರ

ಬಂದಳು. ಟ್ಯಾಕ್ಸಿಯಿಂದ ಇಳಿದು ವಾಕರ್ ಊರಿಕೊಂಡು ಓಣಿಯುದ್ದಕ್ಕೂ ನಿಧಾನ ನಡೆದಳು. ಕೆಂಪು ಹೆಂಚಿನ ನಡುವೆ ಸಿಮೆಂಟಿನ ಬೂದು ಪಟ್ಟೆ ಅಡುಗೆಮನೆಯಿಂದ ಬೀದಿಬಾಗಿಲ ತನಕ ಹೋಗಿದೆ. ಅದನ್ನು ನೋಡಿ, "ಮನೆಗೂ ಆಪರೇಷನ್ ಆಗಿದೆ" ಎಂದಳು.

ಪಾತ್ರೆಗಳನ್ನು ನಾನು ಜೋಡಿಸಿದ್ದು ಸರಿಯಿಲ್ಲವಂತೆ. ಕುರ್ಚಿಯಲ್ಲಿ ಕೂತು ಹೇಳಿದಳು, ನಾನು ಎತ್ತಿ ಎತ್ತಿ ಇಟ್ಟೆ. ಬಾಣಲೆ ಕೆಳಗೆ, ಬೋಗುಣಿ ಎಡಕ್ಕೆ, ಇಲ್ಲ, ನಿಮ್ಮ ಎಡ ಅಲ್ಲ, ನನ್ನ ಎಡ. ಸಂಜೆಯ ಹೊತ್ತಿಗೆ ತೋಳು ಬಿದ್ದುಹೋಗಿತ್ತು. ನಿಬಿಯಾಳ ಫೋಟೋ ಎಲ್ಲಿ ಅಂತ ಅವಳೇ ಕೇಳಿದಳು. ಬೀರುವಿನಿಂದ ತೆಗೆದು ಗೋಡೆಗೆ ಹಾಕಿದೆ.

ಆಗಸ್ಟ್ 3, ಶನಿವಾರ

ಎಡಿಸನ್ ಉಳಿದ ಸಾಮಾನು ಒಯ್ಯಲು ಬಂದಿದ್ದ. ಜುಲ್ಮಾಳಿಗೆ ಬೀದಿಯ ಸುದ್ದಿಯೆಲ್ಲ ಹೇಳಿದ, ಯೆರ್ಬಾ ಒಂದನ್ನು ಬಿಟ್ಟು. ಬಚ್ಚಲಲ್ಲಿ ಕೈ ತೊಳೆಯಲು ಹೋದ. ಅಲ್ಲಿ ನೀರು ಇಳಿಯುತ್ತಿದ್ದಂತೆ ಇಲ್ಲಿ ಸಿಂಕು ಗುಳುಗುಳು ಅಂತ ಸದ್ದು ಮಾಡಿತು. ಎಡಿಸನ್ ಓಡಿಬಂದು ಸಿಂಕಿಗೆ ಕಿವಿಯಿಟ್ಟ.

"ಛೆ. ಒಂದೇ ಪೈಪಾಯ್ತಲ್ಲ ಯಜಮಾನ್ರೇ, ಆಕಡೆ ನೀರು ಹೋದ್ರೆ ಈಕಡೆ ಗಾಳಿ ಎಳೀತಿದೆ. ಒಂದು ಗಾಳಿಪೈಪು ಮೇಲಕ್ಕೆ ಬಿಟ್ರೆ ಸದ್ದು ನಿಂತುಹೋಗತ್ತೆ. ಮಂಗಳವಾರ ಬರ್ತೀನಿ."

"ನಿನ್ನ ಮಂಗಳವಾರ ಗೊತ್ತಿದೆ," ಎಂದೆ.

"ಅತ್ತೆ ಆಣೆ, ಬರ್ತೀನಿ."

ಆಗಸ್ಟ್ 4, ಭಾನುವಾರ

ಜುಲ್ಮಾ ಇವತ್ತು ಮೊದಲ ಸಲ ತಾನೊಬ್ಬಳೇ ಸ್ನಾನಕ್ಕೆ ಹೋದಳು. ಮೊನ್ನೆಯಿಂದ ಎದುರು ಮನೆಯವಳು ಬಂದು ನೆರವಾಗುತ್ತಿದ್ದಳು. ಇವತ್ತು ಅವಳನ್ನು ಬೇಡ ಎಂದಳು. ಬಚ್ಚಲ ಬಾಗಿಲಷ್ಟೇ ಅಲ್ಲ, ಓಣಿಯ ಬಾಗಿಲನ್ನೂ ಹಾಕಿಸಿದಳು.

"ನೀವು ಅಡುಗೆಮನೇಲಿರಿ ಭಾವ. ಈ ಕಡೆ ಬಂದ್ರೆ ಸೋಪು ಎಸೀತೀನಿ."

ನಾನು ಅಡುಗೆಮನೆಯಲ್ಲಿ ನಿಂತೆ. ಎರಡು ಬಾಗಿಲ ಆಚೆಯದು ಏನೂ ಕೇಳಿಸುವುದಿಲ್ಲ. ಪೇಪರು ತೆಗೆದೆ, ಒಂದು ಸಾಲೂ ತಲೆಗೆ ಹೋಗಲಿಲ್ಲ. ಅವತ್ತೂ ಹೀಗೇ ಭಾನುವಾರ. ನಾನು ಮುಂದಿನ ಕೋಣೆಯಲ್ಲಿ ರೇಡಿಯೋ ಕೇಳುತ್ತಿದ್ದೆ. ಅವಳು ಬಿದ್ದದ್ದು ಎಷ್ಟೋ ಹೊತ್ತಾದ ಮೇಲೆ ಗೊತ್ತಾಯಿತು.

ಆಗ ಸಿಂಕು ಗುಳುಗುಳು ಎಂದಿತು.

ಹತ್ತಿರ ಹೋದೆ. ನೀರು ಸುರಿದುಕೊಂಡಳು ಅಂತ ಅರ್ಥ. ಸ್ವಲ್ಪ ನಿಂತು ಮತ್ತೆ ಗುಳುಗುಳು. ಇನ್ನೊಂದು ಸಲ. ಸಿಂಕಿನ ಅಂಚಿಗೆ ಎರಡೂ ಕೈಯೂರಿ, ಕಿವಿ ಬಗ್ಗಿಸಿ, ಹಾಗೇ ನಿಂತೆ. ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ.

ನಿಂತುಹೋಯಿತು. ಕಾದೆ. ಇಲ್ಲ. ಜಾಲರಿಯ ಕಪ್ಪು ತೂತುಗಳನ್ನೇ ನೋಡಿದೆ. ಇಲ್ಲ.

"ಜುಲ್ಮಾ!"

ಓಣಿಯ ಬಾಗಿಲ ಹಿಡಿ ನನ್ನ ಕೈಯಲ್ಲಿತ್ತು.

"ಸತ್ತಿಲ್ಲ ಭಾವ! ತಲೆಗೆ ಸೋಪು ಹಚ್ಕೋತಿದ್ದೀನಿ!"

ಮರಳಿ ಬಂದು ಸಿಂಕಿನ ಮುಂದೆ ನಿಂತೆ. ಸ್ವಲ್ಪ ಹೊತ್ತಿಗೆ ಅದು ಶುರುವಾಯಿತು, ಈ ಸಲ ದೊಡ್ಡದಾಗಿ, ಎಡೆಬಿಡದೆ.

ನಾಳೆ ನೆನಪಿನಿಂದ ಎಡಿಸನ್‌ಗೆ ಫೋನ್ ಮಾಡಬೇಕು, ಗಾಳಿಪೈಪಿಗೆ ಮಂಗಳವಾರ ಬರುವುದು ಬೇಡ ಅಂತ.